ಅಪರೂಪದ ಇಂಗ್ಲಿಷ್ ಪದದ ಮೂಲ ಹುಡುಕುವುದು ಹೇಗೆ: ತಾರೀಖು ಮೊದಲು, ಸದ್ದು ಆಮೇಲೆ

ತುಂಗಭದ್ರೆಯ ಆನೆಗೊಂದಿ ದಡದಲ್ಲಿ ಹರಿಗೋಲು ಹತ್ತಿದವರು ಈ ಮಾತನ್ನು ಕೇಳಿಯೇ ಇರುತ್ತೀರಿ: "ಇಂಗ್ಲಿಷಿನ ಕೊರಾಕಲ್ ಅನ್ನೋ ಪದ ನಮ್ಮ ಹರಿಗೋಲಿನಿಂದಲೇ ಹುಟ್ಟಿದ್ದು." ಕೇಳಲು ಹಿತವಾಗಿದೆ. ಎರಡರಲ್ಲೂ ರ ಇದೆ, ಲ ಇದೆ. ದೋಣಿಯೂ ಅದೇ ಗುಂಡನೆಯ ಬುಟ್ಟಿ. ನಾನೂ ಎಷ್ಟೋ ವರ್ಷ ಇದನ್ನೇ ನಂಬಿದ್ದೆ. ಊರಿಗೆ ಬಂದ ನೆಂಟರಿಗೆಲ್ಲ ಹೇಳಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ಒಂದೇ ಒಂದು ತಾರೀಖಿನಿಂದ.

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು ತಾವು ಹುಡುಕಿದ ಪದಗಳನ್ನು ನನಗೆ ತೋರಿಸುತ್ತಿರುತ್ತಾರೆ. ಶ್ರಮಕ್ಕೆ ಕೊರತೆ ಇರುವುದಿಲ್ಲ. ಆದರೆ ಹೆಚ್ಚಿನವರು ಎಡವುವ ಜಾಗ ಒಂದೇ. ಸದ್ದು ಹೋಲುತ್ತದೆ ಅಂತ ಅಲ್ಲಿಂದಲೇ ಶುರು ಮಾಡುತ್ತಾರೆ. ಆಮೇಲೆ ಆ ಹೋಲಿಕೆಗೆ ಬೇಕಾದ ಸಾಕ್ಷಿಯನ್ನಷ್ಟೇ ಹುಡುಕುತ್ತಾರೆ. ಬೇಡವಾದದ್ದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಹಂತಗಳ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಉದಾಹರಣೆಗೆ ಎರಡು ಪದ ಇಟ್ಟುಕೊಳ್ಳೋಣ. ಒಂದು ಕೊರಾಕಲ್. ಇನ್ನೊಂದು ಬ್ಯಾಂಡಿಕೂಟ್. ಮೊದಲನೆಯದು ನಮ್ಮದು ಅನ್ನಿಸುತ್ತದೆ, ಆದರೆ ಅಲ್ಲ. ಎರಡನೆಯದು ದೂರದ್ದು ಅನ್ನಿಸುತ್ತದೆ, ಆದರೆ ಅದರ ಬೇರು ನಮ್ಮ ಗದ್ದೆಯ ಬದುವಿನಲ್ಲೇ ಇದೆ.

## ಬೇಕಾದ ಸಾಮಾನು

ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನು. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಏನೂ ಇಲ್ಲ.

ಇಂಗ್ಲಿಷ್ ಕಡೆಯ ಕೆಲಸಕ್ಕೆ ಪದಗಳ ಮೂಲ ಹೇಳುವ ಎಟಿಮಾನ್‌ಲೈನ್ ಮತ್ತು ಮೆರಿಯಮ್ ವೆಬ್‌ಸ್ಟರ್ ನಿಘಂಟಿನ ತಾಣಗಳು ಉಚಿತ. ದೊಡ್ಡ ಆಕ್ಸ್‌ಫರ್ಡ್ ನಿಘಂಟಿಗೆ ಚಂದಾ ಬೇಕು. ಆದರೆ 1884ರಿಂದ 1928ರವರೆಗೆ ಬಂದ ಅದರ ಮೊದಲ ಆವೃತ್ತಿಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ನಮ್ಮ ಕೆಲಸಕ್ಕೆ ಅದು ಧಾರಾಳ.

ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಿಗೆ ಹಾಬ್ಸನ್-ಜಾಬ್ಸನ್ ಬೇಕೇ ಬೇಕು. ಯೂಲ್ ಮತ್ತು ಬರ್ನೆಲ್ ಸೇರಿ 1886ರಲ್ಲಿ ತಂದ ಕೋಶ ಇದು. 1903ರಲ್ಲಿ ತಿದ್ದಿದ ಆವೃತ್ತಿ ಬಂತು. ಕಂದಾಯ ಮತ್ತು ಕೋರ್ಟಿನ ಪದಗಳಾದರೆ ವಿಲ್ಸನ್ನರ 1855ರ ಕೋಶ ನೋಡಿ.

ನಮ್ಮ ಕಡೆಯದಕ್ಕೆ ಕಿಟ್ಟೆಲ್ ನಿಘಂಟು (1894) ಮತ್ತು ಫೋನಿನಲ್ಲೇ ತೆರೆಯುವ ಅಲರ್ ನಿಘಂಟು. ತೆಲುಗಿಗೆ ಬ್ರೌನ್ ನಿಘಂಟು (1852). ದ್ರಾವಿಡ ಭಾಷೆಗಳನ್ನು ಒಟ್ಟಿಗೆ ಇಟ್ಟು ನೋಡಲು ಬರೋ ಮತ್ತು ಎಮೆನೋ ಅವರ ಕೋಶ (ಎರಡನೆಯ ಆವೃತ್ತಿ, 1984). ಹಾಬ್ಸನ್-ಜಾಬ್ಸನ್, ಬ್ರೌನ್, ಬರೋ-ಎಮೆನೋ ಮೂರನ್ನೂ ಚಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ಪುಕ್ಕಟೆ ಹುಡುಕಬಹುದು.

ಇವುಗಳ ಜೊತೆ ಇನ್ನೊಂದು ಅನುಕೂಲ ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಯವರಿಗಿದೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳುತ್ತವೆ. ಇದು ಎಲ್ಲ ಊರಿನವರಿಗೂ ಸಿಗುವ ಭಾಗ್ಯ ಅಲ್ಲ. ಐದನೇ ಹಂತದಲ್ಲಿ ಇದು ಕೆಲಸಕ್ಕೆ ಬರುತ್ತದೆ.

## 1. ಪದದ ಯಾವ ಅರ್ಥ ಹಳೆಯದು ಅಂತ ತೀರ್ಮಾನಿಸಿ

ಬ್ಯಾಂಡಿಕೂಟ್ ಅಂತ ಫೋನಿನಲ್ಲಿ ಹುಡುಕಿ. ಮೊದಲು ಕಾಣುವುದು ಆಸ್ಟ್ರೇಲಿಯಾದ ಒಂದು ಪ್ರಾಣಿ. ಚೂಪು ಮೂತಿ, ಕಾಂಗರೂ ಹಾಗೆ ಹೊಟ್ಟೆಯಲ್ಲಿ ಚೀಲ. ಇಲ್ಲಿಗೇ ನಿಂತವರು ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಯಲ್ಲಿ ಬೇರು ಹುಡುಕಲು ಹೊರಡುತ್ತಾರೆ. ವಾರಗಟ್ಟಲೆ ಹುಡುಕಿದರೂ ಸಿಗುವುದಿಲ್ಲ.

ನಿಘಂಟಿನಲ್ಲಿ ಎಲ್ಲ ಅರ್ಥಗಳನ್ನೂ ಓದಿ. ಇನ್ನೊಂದು ಅರ್ಥ ಸಿಗುತ್ತದೆ: ಭಾರತದ ದೊಡ್ಡ ಇಲಿ, ಅಂದರೆ ನಮ್ಮ ಹೆಗ್ಗಣ. ಇಂಗ್ಲಿಷಿನಲ್ಲಿ ಇದೇ ಹಳೆಯ ಅರ್ಥ. 18ನೇ ಶತಮಾನದ ಕೊನೆಯ ಹೊತ್ತಿಗೆ ಭಾರತದ ಇಲಿಗೆ ಈ ಹೆಸರು ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತ್ತು. ಆಸ್ಟ್ರೇಲಿಯಾದ ಪ್ರಾಣಿಯನ್ನು ಕಂಡ ಇಂಗ್ಲಿಷರು ಅದೇ ಹೆಸರನ್ನು ಆಮೇಲೆ ಅದಕ್ಕೂ ಇಟ್ಟರು. ಎರಡು ಪ್ರಾಣಿಗಳಿಗೂ ಸಂಬಂಧವೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯಿರಿ: ಪದ, ಎಲ್ಲಿ ಓದಿದಿರಿ, ಇವತ್ತಿನ ಅರ್ಥ, ಹಳೆಯ ಅರ್ಥ. ಮುಂದಿನ ಹಂತಗಳೆಲ್ಲ ಹಳೆಯ ಅರ್ಥದ ಮೇಲೆಯೇ ನಡೆಯಬೇಕು.

## 2. ಮೊದಲ ತಾರೀಖು ಹಿಡಿಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಅತಿ ಹೆಚ್ಚು ಹಾರಿ ಹೋಗುವುದೂ ಇದನ್ನೇ.

ಇಂಗ್ಲಿಷ್ ಬರಹದಲ್ಲಿ ಪದ ಮೊದಲು ಯಾವಾಗ ಕಾಣಿಸಿತು? ಕೊರಾಕಲ್ ಅಂತ ಎಟಿಮಾನ್‌ಲೈನ್‌ನಲ್ಲಿ ಹಾಕಿ. 1540ರ ದಶಕ ಅಂತ ಬರುತ್ತದೆ. ಈಗ ಅದರ ಪಕ್ಕ ಇನ್ನೊಂದು ತಾರೀಖು ಇಡಿ. ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿದ್ದು 1600ರ ಡಿಸೆಂಬರ್ 31ರಂದು. ಅಂದರೆ ಕಂಪನಿ ಹುಟ್ಟುವುದಕ್ಕೆ ಅರ್ಧ ಶತಮಾನಕ್ಕಿಂತ ಮುಂಚೆಯೇ ಇಂಗ್ಲಿಷರು ಕೊರಾಕಲ್ ಅಂತ ಬರೆಯುತ್ತಿದ್ದರು. ಆಗ ತುಂಗಭದ್ರೆಯ ದಡದಲ್ಲಿ ಪದ ಕಲಿತು ಹೋಗುವ ಇಂಗ್ಲಿಷ್ ವ್ಯಾಪಾರಿ ಯಾರೂ ಇರಲಿಲ್ಲ.

ಪದ ಬಂದದ್ದು ಅವರ ಪಕ್ಕದ ವೇಲ್ಸ್ ನಾಡಿನಿಂದ. ವೆಲ್ಷ್ ಭಾಷೆಯಲ್ಲಿ ಅದು ಕೊರೂಗಲ್. ಐರಿಷ್ ಭಾಷೆಯ ಕುರಾಖ್ ಕೂಡ ಅದೇ ಬಳ್ಳಿಯದು. ಅಲ್ಲಿಯೂ ಬಳ್ಳಿ-ಕಡ್ಡಿ ಹೆಣೆದು ತೊಗಲು ಹೊದಿಸಿದ ಪುಟ್ಟ ದೋಣಿ ಇತ್ತು.

ಹಾಗಾದರೆ ನಮ್ಮ ಹರಿಗೋಲು? ಅದೂ ಹಳೆಯದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ಗುಂಡಗಿರುವ, ಒಳಗೆ ಬೆತ್ತ, ಹೊರಗೆ ತೊಗಲು ಇರುವ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿದ್ದಾನೆ. ದೋಣಿ ಎರಡೂ ಕಡೆ ಇತ್ತು. ಪದ ಬೇರೆ ಬೇರೆ. ಆನೆಗೊಂದಿಯಲ್ಲಿ ಈಗ ಕೇಳುವ ಕೊರಾಕಲ್ ಅನ್ನುವ ಮಾತು ಪ್ರವಾಸಿಗರ ಇಂಗ್ಲಿಷಿನಿಂದ ನಮ್ಮಲ್ಲಿಗೆ ಬಂದದ್ದು, ಇಲ್ಲಿಂದ ಹೋದದ್ದಲ್ಲ.

ಇಲ್ಲಿ ಆಗುವ ತಪ್ಪುಗಳು. ಮೊದಲ ತಾರೀಖು ಅಂದರೆ ಪದ ಹುಟ್ಟಿದ ದಿನ ಅಲ್ಲ. ಬರಹದಲ್ಲಿ ಸಿಕ್ಕ ಮೊದಲ ಸಾಕ್ಷಿ ಅಷ್ಟೇ. ಬಾಯಲ್ಲಿ ಅದಕ್ಕಿಂತ ಮುಂಚೆಯೇ ಇದ್ದಿರುತ್ತದೆ. ಗೂಗಲ್ ಬುಕ್ಸ್ ತೋರಿಸುವ ವರ್ಷವನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದು ಮಾಸಪತ್ರಿಕೆಯ ಎಲ್ಲ ಸಂಪುಟಗಳಿಗೂ ಅದು ಶುರುವಾದ ವರ್ಷವನ್ನೇ ಹಾಕಿರುವುದು ಉಂಟು. ಪುಸ್ತಕದ ಮೊದಲ ಪುಟ ತೆರೆದು ಅಚ್ಚಾದ ವರ್ಷವನ್ನು ನಿಮ್ಮ ಕಣ್ಣಿಂದಲೇ ನೋಡಿ.

## 3. ಹಳೆಯ ಕಾಗುಣಿತಗಳನ್ನು ಕಲೆಹಾಕಿ

ಆಗಿನ ಇಂಗ್ಲಿಷರು ನಮ್ಮ ಪದಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡರು. ಒಂದೇ ಪದಕ್ಕೆ ಐದಾರು ಕಾಗುಣಿತ ಇರುವುದು ಮಾಮೂಲು. ಹಾಬ್ಸನ್-ಜಾಬ್ಸನ್ ಪ್ರತಿ ಪದದ ಕೆಳಗೆ ಹಳೆಯ ವಾಕ್ಯಗಳನ್ನು ವರ್ಷದ ಸಮೇತ ಕೊಡುತ್ತದೆ. ಹಳೆಯದರಿಂದ ಹೊಸದಕ್ಕೆ ಸಾಲಾಗಿ ಬರೆದುಕೊಳ್ಳಿ. ಎಷ್ಟು ಹಿಂದಿನ ಕಾಗುಣಿತ ಸಿಗುತ್ತದೋ ಅಷ್ಟು ಮೂಲದ ಹತ್ತಿರ ಹೋದ ಹಾಗೆ.

1800ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಇಂಗ್ಲಿಷಿನ ಎಸ್ ಅಕ್ಷರ ಹೆಚ್ಚಾಗಿ ಉದ್ದಕ್ಕೆ, ನೋಡಲು ಎಫ್ ಹಾಗೆ ಇರುತ್ತದೆ. ಕಂಪ್ಯೂಟರ್ ಎಷ್ಟೋ ಸಲ ಅದನ್ನು ಎಫ್ ಅಂತಲೇ ಓದಿರುತ್ತದೆ. ನಿಮ್ಮ ಪದದಲ್ಲಿ ಎಸ್ ಇದ್ದರೆ ಅದರ ಜಾಗದಲ್ಲಿ ಎಫ್ ಹಾಕಿ ಒಮ್ಮೆ ಹುಡುಕಿ. ಸಿಗಲ್ಲ ಅಂತ ಬಿಟ್ಟ ಪದಗಳು ಸಿಗುತ್ತವೆ.

ಕಾಗುಣಿತ ಹೋಲುತ್ತದೆ ಅಂತ ಎರಡು ಪದಗಳನ್ನು ಕಲಸಬೇಡಿ. ಹಾಬ್ಸನ್-ಜಾಬ್ಸನ್‌ನಲ್ಲಿ ಬ್ಯಾಂಡಿಕೂಟ್ ಆದ ಮೇಲೆ ಬ್ಯಾಂಡಿಕಾಯ್ ಅಂತ ಒಂದು ಪದ ಇದೆ. ಇದೂ ಅದರ ಹಳೆಯ ರೂಪವೇ ಇರಬೇಕು ಅನ್ನಿಸುತ್ತದೆ. ಅರ್ಥ ಓದಿದರೆ ಅದು ತರಕಾರಿ! ಬಾಯಿ ತುಂಬ ಹೇಳಿ ನೋಡಿ: ಬೆಂಡೆಕಾಯಿ. ಕೋಶ ಅದನ್ನು ತಮಿಳಿನ ವೆಂಡೈಕ್ಕಾಯ್ ಪದಕ್ಕೆ ಜೋಡಿಸುತ್ತದೆ. ಅರ್ಥ ಓದದೆ ಕಾಗುಣಿತ ಮಾತ್ರ ನೋಡಿದ್ದರೆ ಹೆಗ್ಗಣವೂ ಬೆಂಡೆಯೂ ಒಂದೇ ಸಾಲಿನಲ್ಲಿ ಕೂರುತ್ತಿದ್ದವು.

## 4. ಪದ ನಡೆದು ಹೋದ ದಾರಿ ಗುರುತಿಸಿ

ಪದ ಗಾಳಿಯಲ್ಲಿ ಹಾರಿ ಹೋಗುವುದಿಲ್ಲ. ಯಾರೋ ಹೊತ್ತುಕೊಂಡು ಹೋಗಬೇಕು. ಆ ತಾರೀಖಿನಲ್ಲಿ, ಆ ಜಾಗದಲ್ಲಿ, ಆ ಎರಡು ಭಾಷೆಯವರು ಭೇಟಿಯಾಗಿದ್ದರಾ?

ಇಂಗ್ಲಿಷರು ಆಂಧ್ರ ಕರಾವಳಿಯ ಮಚಲೀಪಟ್ಟಣದಲ್ಲಿ ವ್ಯಾಪಾರದ ಕೋಠಿ ಹಾಕಿದ್ದು 1611ರಲ್ಲಿ. ಅಂದರೆ ತೆಲುಗರ ಜೊತೆ ಅವರ ಒಡನಾಟ ಬಹಳ ಹಳೆಯದು. ನಮ್ಮ ಬಳ್ಳಾರಿ ಸೀಮೆ ಕಂಪನಿಯ ಕೈಗೆ ಹೋದದ್ದು 1800ರಲ್ಲಿ, ನಿಜಾಮರು ಬಿಟ್ಟುಕೊಟ್ಟಾಗ. ರಾಯಚೂರು, ಕೊಪ್ಪಳಗಳ ಕಡೆ 1948ರವರೆಗೂ ಬಹುಪಾಲು ಹೈದರಾಬಾದಿನ ಆಡಳಿತದ್ದೇ ಮಾತು. ಹಾಗಾಗಿ 18ನೇ ಶತಮಾನದಲ್ಲೇ ಇಂಗ್ಲಿಷಿಗೆ ಸೇರಿದ ಪದ ಬಳ್ಳಾರಿಯ ಕಚೇರಿಯಿಂದ ಹೋಯಿತು ಅನ್ನಲು ಬರುವುದಿಲ್ಲ. ತೆಲುಗು ಕರಾವಳಿಯಿಂದ ಹೋಯಿತು ಅನ್ನಬಹುದು.

ರಾಯಚೂರಿನವರಿಗೆ ಹತ್ತಿರದ ಪದ ದೋಆಬ್. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ನೆಲಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ಅದೇ ಹೆಸರು. ಪಾರ್ಸಿ (ಪರ್ಷಿಯನ್) ಭಾಷೆಯಲ್ಲಿ ದೋ ಅಂದರೆ ಎರಡು, ಆಬ್ ಅಂದರೆ ನೀರು. ಪಾರ್ಸಿ ಆಡಳಿತದ ಭಾಷೆಯಾಗಿತ್ತು, ಇಂಗ್ಲಿಷರು ಅದನ್ನು ಕಲಿತು ಕೆಲಸ ನಡೆಸಿದರು. ದಾರಿ ಇಷ್ಟು ನೇರ ಇದ್ದಾಗ ಹೆಚ್ಚು ಹೊತ್ತು ಕಳೆಯಬೇಡಿ.

## 5. ಮೂಲ ಭಾಷೆಯ ನಿಘಂಟು ತೆರೆಯಿರಿ, ಮಾತಾಡುವವರನ್ನೂ ಕೇಳಿ

ಇಂಗ್ಲಿಷ್ ನಿಘಂಟು "ತೆಲುಗಿನಿಂದ" ಅಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ತೆಲುಗಿನ ನಿಘಂಟಿನಲ್ಲಿ ಆ ಪದ ಅದೇ ಅರ್ಥದಲ್ಲಿ ಇದೆಯಾ ನೋಡಿ.

ಬ್ಯಾಂಡಿಕೂಟ್‌ಗೆ ಹಾಬ್ಸನ್-ಜಾಬ್ಸನ್ ಕೊಡುವ ಮೂಲ ತೆಲುಗಿನ ಪಂದಿಕೊಕ್ಕು. ಬ್ರೌನ್ ನಿಘಂಟಿನಲ್ಲೂ ಪದ ಇದೆ. ಕನ್ನಡ ಓದುಗರು ಇಲ್ಲೊಂದು ಕಡೆ ಖಂಡಿತ ಜಾರುತ್ತಾರೆ. ಕೊಕ್ಕು ಅಂದರೆ ನಮಗೆ ಹಕ್ಕಿಯ ಮೂತಿ. "ಹಂದಿಯ ಹಾಗೆ ಮೂತಿ ಇರುವುದು" ಅಂತ ಸುಮ್ನೆ ಅರ್ಥ ಹಚ್ಚಿ ಮುಂದೆ ಹೋಗುತ್ತಾರೆ. ತೆಲುಗಿನಲ್ಲಿ ಇಲ್ಲಿನ ಕೊಕ್ಕು ಅಂದರೆ ದೊಡ್ಡ ಇಲಿ. ಪಂದಿಕೊಕ್ಕು ಅಂದರೆ ಹಂದಿ-ಇಲಿ. ಒಂದು ಭಾಷೆಯ ಪದಕ್ಕೆ ಇನ್ನೊಂದು ಭಾಷೆಯ ಅರ್ಥ ಹಾಕುವುದು ಅಕ್ಕಪಕ್ಕದ ಭಾಷೆಗಳಲ್ಲೇ ಜಾಸ್ತಿ ಆಗುವ ತಪ್ಪು. ಎಲ್ಲ ಗೊತ್ತಿದೆ ಅನ್ನುವ ಧೈರ್ಯ ಇರುತ್ತದಲ್ಲ, ಅದೇ ಕಾರಣ.

ನಿಘಂಟಿನ ಮಾತನ್ನು ನಾನು ಸಿಂಧನೂರು ಕಡೆಯ ಒಂದು ಕ್ಯಾಂಪಿನಲ್ಲಿ ಕೇಳಿ ನೋಡಿದೆ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರು ಅದು. ಭತ್ತದ ಗದ್ದೆಯ ಬದುವಿನಲ್ಲಿ ಹಿಡಿ ತೂರುವಷ್ಟು ಅಗಲದ ಬಿಲ. ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ, ಅದರಲ್ಲಿ ಕಡಿದ ತೆನೆಯ ತುಂಡು. ಇದು ಯಾವುದರ ಬಿಲ ಅಂದೆ. ರೈತರು ಮಣ್ಣನ್ನು ಕಾಲಿಂದ ಸರಿಸುತ್ತಾ "ಪಂದಿಕೊಕ್ಕು" ಅಂದರು. ಹಂದಿ ಯಾಕೆ ಅಂದೆ. ಸಿಟ್ಟು ಬಂದರೆ ಹಂದಿ ಹಾಗೆ ಗುರುಗುಟ್ಟುತ್ತದೆ ಅಂದರು. ಎರಡು ಮಾತಿನಲ್ಲಿ ಪದವೂ ಸಿಕ್ಕಿತು, ಹೆಸರಿನ ಕಾರಣವೂ ಸಿಕ್ಕಿತು.

ಕೇಳುವಾಗ ಒಂದು ಎಚ್ಚರ. "ಇದಕ್ಕೆ ಪಂದಿಕೊಕ್ಕು ಅಂತೀರಲ್ವಾ?" ಅಂತ ಕೇಳಬೇಡಿ. ಮರ್ಯಾದೆಗೆ ಹೌದು ಅಂದುಬಿಡುತ್ತಾರೆ. ವಸ್ತು ತೋರಿಸಿ, ಹೆಸರು ಅವರ ಬಾಯಿಂದಲೇ ಬರಲಿ.

## 6. ಈಗ ಸದ್ದಿನ ಪರೀಕ್ಷೆ

ಇಷ್ಟು ಆದ ಮೇಲೆ ಸದ್ದಿಗೆ ಬನ್ನಿ. ಸದ್ದು ಹೋಲುತ್ತದಾ ಅನ್ನುವುದು ಪ್ರಶ್ನೆ ಅಲ್ಲ. ಈ ಸದ್ದು ಆ ಸದ್ದಾಗಲು ಕಾರಣ ಏನು ಅನ್ನುವುದು ಪ್ರಶ್ನೆ.

ಪಂದಿಯ ಪ ಇಂಗ್ಲಿಷಿನಲ್ಲಿ ಬ ಆಗಿದೆ. ಯಾಕೆ? ಅಂಗೈಯನ್ನು ಬಾಯಿ ಮುಂದೆ ಹಿಡಿದು ಇಂಗ್ಲಿಷರ ಹಾಗೆ ಪೆನ್ ಅನ್ನಿ. ಗಾಳಿ ಕೈಗೆ ಬಡಿಯುತ್ತದೆ. ಈಗ ನಮ್ಮ ಪಂದಿ ಅನ್ನಿ. ಗಾಳಿ ಅಷ್ಟಾಗಿ ಬರುವುದಿಲ್ಲ. ಗಾಳಿ ಇಲ್ಲದ ಪ ಇಂಗ್ಲಿಷರ ಕಿವಿಗೆ ಬ ಹಾಗೆ ಕೇಳುತ್ತದೆ. ಕಾರಣ ಸಿಕ್ಕಿತು. ಕೊನೆಯ ಕು ಮಾತ್ರ ಟ್ ಆಗಿದ್ದಕ್ಕೆ ಇಂಥ ಕಾರಣ ಕೊಡಲು ಬರುವುದಿಲ್ಲ. ಅದನ್ನು ಮುಚ್ಚಿಡಬೇಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅರ್ಥ, ತಾರೀಖು, ದಾರಿ ಮೂರೂ ಗಟ್ಟಿಯಾಗಿದ್ದಾಗ ಒಂದು ಅಕ್ಷರದ ಏರುಪೇರು ತಡೆಯುತ್ತದೆ. ಆ ಮೂರೂ ಇಲ್ಲದಿದ್ದರೆ ತಡೆಯುವುದಿಲ್ಲ.

ಪಂದಿ ಹಳೆಗನ್ನಡದ ಪದವೂ ಹೌದಲ್ಲ, ಇದು ಕನ್ನಡದಿಂದಲೇ ಯಾಕೆ ಹೋಗಿರಬಾರದು ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇಂಗ್ಲಿಷರು ಬರುವ ಹೊತ್ತಿಗೆ ಕನ್ನಡದ ಪ ಹ ಆಗಿ ಶತಮಾನಗಳೇ ಕಳೆದಿದ್ದವು. ಪಾಲು ಹಾಲಾಗಿತ್ತು, ಪುಲಿ ಹುಲಿಯಾಗಿತ್ತು, ಪಂದಿ ಹಂದಿಯಾಗಿತ್ತು. ಮೇಲಾಗಿ ಈ ಪ್ರಾಣಿಗೆ ನಮ್ಮ ಮಾತು ಹೆಗ್ಗಣ. ಅವರು ಕೇಳಿದ್ದು ತೆಲುಗಿನ ಬಾಯಿಂದಲೇ.

ಹರಿಗೋಲಿಗೂ ಇದೇ ಪರೀಕ್ಷೆ ಹಚ್ಚಿ. ಇಂಗ್ಲಿಷರು ಹುಕ್ಕಾ, ಹೌದಾ (ಆನೆಯ ಅಂಬಾರಿ) ಪದಗಳನ್ನು ಒಯ್ದಾಗ ಹ ಹಾಗೆಯೇ ಉಳಿಯಿತು. ಹರಿಗೋಲಿನ ಹ ಮಾತ್ರ ಕ ಆಗಬೇಕು ಅಂದರೆ ಕಾರಣ ಬೇಕು. ಇಲ್ಲ.

ಸದ್ದು ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಪಾರ್ಸಿಯ ಬದ್ ನೋಡಿ. ಬದ್‌ನಾಮ್ ಅನ್ನುವಾಗ ನಾವೂ ಬಳಸುತ್ತೇವೆ. ಅರ್ಥ ಕೆಟ್ಟದ್ದು. ಇಂಗ್ಲಿಷಿನ ಬ್ಯಾಡ್ ಅರ್ಥವೂ ಕೆಟ್ಟದ್ದು. ಸದ್ದು ಒಂದೇ, ಅರ್ಥ ಒಂದೇ. ಆದರೂ ಎರಡಕ್ಕೂ ನಂಟಿಲ್ಲ, ಬರೀ ಕಾಕತಾಳೀಯ. ಅದೇ ಪಾರ್ಸಿಯ ದೋ ಮತ್ತು ಇಂಗ್ಲಿಷಿನ ಟೂ ಕೇಳಲು ಬೇರೆ. ಆದರೆ ಅವು ಒಂದೇ ಪ್ರಾಚೀನ ಪದದ ಮಕ್ಕಳು. ದ ಇರುವ ಕಡೆ ಇಂಗ್ಲಿಷಿನಲ್ಲಿ ಟ ಬರುವುದು ಪದದಿಂದ ಪದಕ್ಕೆ ನಿಯಮದಂತೆ ನಡೆಯುತ್ತದೆ. ನಮ್ಮ ಬಾಯಲ್ಲಿರುವ ಸಂಸ್ಕೃತದ ದಶ ಪದಕ್ಕೆ ಟೆನ್ ಎದುರು ನಿಲ್ಲುವ ಹಾಗೆ.

## 7. ಅಣ್ಣತಮ್ಮಂದಿರನ್ನು ಎಣಿಸಿ

ಪದ ಕನ್ನಡದಲ್ಲಿದೆ ಅಂದ ಮಾತ್ರಕ್ಕೆ ಕನ್ನಡದಿಂದಲೇ ಹೋಯಿತು ಅನ್ನಬೇಡಿ. ರೈಸ್ ಮಿಲ್ಲಿನ ಗೋಣಿಚೀಲಕ್ಕೆ ಇಂಗ್ಲಿಷಿನಲ್ಲಿ ಗನ್ನಿ. ಗೋಣಿ, ಗನ್ನಿ, ಸಂಬಂಧ ನಿಜ. ಆದರೆ ಇದೇ ಪದ ಮರಾಠಿಯಲ್ಲಿದೆ, ಹಿಂದಿಯಲ್ಲಿದೆ, ತೆಲುಗಿನಲ್ಲಿ ಗೋನೆ ಆಗಿದೆ, ಸಂಸ್ಕೃತದಲ್ಲಿ ಗೋಣೀ ಇದೆ. ಇಂಗ್ಲಿಷರ ಕಿವಿಗೆ ಯಾರ ಬಾಯಿಂದ ಬಿತ್ತು ಅಂತ ಸದ್ದು ಹೇಳುವುದಿಲ್ಲ. ನಿಘಂಟುಗಳು ಹಿಂದಿ, ಮರಾಠಿ ಕಡೆ ಕೈ ತೋರಿಸುತ್ತವೆ. ಕನ್ನಡದ ಹೆಸರು ಹಾಕಲು ಮನಸ್ಸು ಎಳೆಯುತ್ತದೆ, ನನಗೂ ಎಳೆಯುತ್ತದೆ. ಸಾಕ್ಷಿ ಸಿಗುವವರೆಗೆ ಹಾಕಬೇಡಿ.

## ಎಚ್ಚರಿಕೆಯ ಗುರುತುಗಳು

ಇಂಥವು ಕಂಡ ಕೂಡಲೇ ನಿಂತು ಎರಡನೇ ಹಂತಕ್ಕೆ ವಾಪಸ್ ಹೋಗಿ.

ಮೂಲದ ಜೊತೆ ಸೊಗಸಾದ ಕಥೆ ಬಂದರೆ ಅನುಮಾನ ಪಡಿ. "ಸಾಹೇಬ ಇದೇನು ಅಂದ, ರೈತ ಗೊತ್ತಿಲ್ಲ ಅಂದ, ಅದೇ ಹೆಸರಾಯಿತು" ಅನ್ನುವ ಕಥೆ ಎಷ್ಟೋ ಪದಗಳಿಗೆ ಅಂಟಿಕೊಂಡಿದೆ. ಕಾಂಗರೂ ಬಗ್ಗೆ ಇದನ್ನು ಶಾಲೆಯಲ್ಲೂ ಹೇಳುತ್ತಾರೆ. ನಿಜ ಬೇರೆ. ಆಸ್ಟ್ರೇಲಿಯಾದ ಗೂಗು ಯಿಮಿದಿರ್ ಭಾಷೆಯಲ್ಲಿ ಗಂಗುರು ಅನ್ನುವುದು ಒಂದು ಜಾತಿಯ ಕಾಂಗರೂವಿನ ಹೆಸರೇ. 1770ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಹೋದವರು ಬರೆದುಕೊಂಡದ್ದು ಅದನ್ನೇ.

ಹಳೆಯ ಪದವೊಂದನ್ನು ನಾಲ್ಕು ಪದಗಳ ಮೊದಲಕ್ಷರ ಸೇರಿ ಆದದ್ದು ಅಂದರೆ ನಂಬಬೇಡಿ. ಠೀವಿಯದು ಅನ್ನುವ ಅರ್ಥದ ಪಾಶ್ ಪದ ಹಡಗಿನ ಟಿಕೆಟ್ಟಿನ ಮೇಲೆ ಬರೆಯುತ್ತಿದ್ದ "ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್" ಅನ್ನುವುದರಿಂದ ಆಯಿತು ಅನ್ನುವ ಕಥೆ ಇದೆ. ಅಂಥ ಟಿಕೆಟ್ ಒಂದೂ ಸಿಕ್ಕಿಲ್ಲ.

ತಾರೀಖೇ ಇಲ್ಲದ ವಾಟ್ಸಾಪ್ ಸಂದೇಶ, ಪುಸ್ತಕದ ಪುಟ ಹೇಳದ ಎಐ ಉತ್ತರ, ಎರಡನ್ನೂ ಸುಳಿವು ಅಂತ ಇಟ್ಟುಕೊಳ್ಳಿ. ಸಾಕ್ಷಿ ಅಂತ ಬರೆಯಬೇಡಿ.

ನಿಘಂಟಿನಲ್ಲಿ ಪದದ ಶುರುವಿನಲ್ಲಿ ನಕ್ಷತ್ರದ ಗುರುತು ಇದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು ಅಂತ ಅರ್ಥ. ಅದನ್ನು ಇದ್ದ ಪದದ ಹಾಗೆ ನಕಲು ಮಾಡುವವರು ಬಹಳ ಜನ. ಬಹುಶಃ, ಇರಬಹುದು ಅನ್ನುವ ಮಾತುಗಳನ್ನು ನಿಘಂಟು ಮೊಟಕು ಮಾಡಿ ಹಾಕಿರುತ್ತದೆ. ಬರೆದುಕೊಳ್ಳುವಾಗ ಅವನ್ನು ಬಿಟ್ಟರೆ ಊಹೆ ನಿಮ್ಮ ಪುಟದಲ್ಲಿ ಸತ್ಯ ಆಗಿ ಕೂರುತ್ತದೆ.

## 8. ಕಂಡದ್ದನ್ನು ಬರೆದಿಡಿ

ಒಂದು ಪದಕ್ಕೆ ಒಂದು ಪುಟ. ನನ್ನ ನೋಟ್‌ಬುಕ್ಕಿನ ಪುಟ ಹೀಗಿದೆ:

ಬ್ಯಾಂಡಿಕೂಟ್. ಹಳೆಯ ಅರ್ಥ: ಹೆಗ್ಗಣ. ಆಸ್ಟ್ರೇಲಿಯಾದ ಅರ್ಥ ಆಮೇಲಿನದು. ಕಾಲ: 18ನೇ ಶತಮಾನದ ಕೊನೆ. ಮೂಲ: ತೆಲುಗು ಪಂದಿಕೊಕ್ಕು, ಹಂದಿ-ಇಲಿ. ನೋಡಿದ್ದು: ಹಾಬ್ಸನ್-ಜಾಬ್ಸನ್, ಬ್ರೌನ್. ಕೇಳಿದ್ದು: ಸಿಂಧನೂರು ಕಡೆಯ ಕ್ಯಾಂಪು. ಪ ಬ ಆದದ್ದಕ್ಕೆ ಕಾರಣ ಇದೆ. ಕು ಟ್ ಆದದ್ದಕ್ಕೆ ಇಲ್ಲ. ತೀರ್ಮಾನ: ಗಟ್ಟಿ.

ತೀರ್ಮಾನದ ಜಾಗದಲ್ಲಿ ಗಟ್ಟಿ, ಇರಬಹುದು, ಗೊತ್ತಿಲ್ಲ ಈ ಮೂರರಲ್ಲಿ ಒಂದನ್ನು ಬರೆಯಿರಿ. ಗೊತ್ತಿಲ್ಲ ಅಂತ ಬರೆಯಲು ಸಂಕೋಚ ಬೇಡ. ದೊಡ್ಡ ದೊಡ್ಡ ನಿಘಂಟುಗಳೇ ಎಷ್ಟೋ ಪದಗಳ ಮುಂದೆ ಮೂಲ ತಿಳಿಯದು ಅಂತ ಬರೆದಿವೆ. ಆ ಪುಟದ ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ಮುಂದೆ ಒಂದು ಹಳೆಯ ಪತ್ರವೋ ಕಡತವೋ ಸಿಕ್ಕರೆ ಬರೆಯಲು ಜಾಗ ಬೇಕು.